ಮದರಂಗಿ: ಕಲಸುವುದರಿಂದ ಕೈ ಕೆಂಪೇರುವವರೆಗೆ

ಶುಕ್ರವಾರ ಮದುವೆ ಎಂದರೆ ಬುಧವಾರ ಮದರಂಗಿ ಹಚ್ಚಬೇಕು, ಅದಕ್ಕೆ ಮಂಗಳವಾರವೇ ಪುಡಿ ಕಲಸಬೇಕು. ಕಲಸಿದ ಹಿಟ್ಟಿನಲ್ಲಿ ಬಣ್ಣ ಬಿಡಲು ಸಾಮಾನ್ಯವಾಗಿ ಅರ್ಧ ದಿನ ಬೇಕು, ಕೈಗೆ ಹತ್ತಿದ ಬಣ್ಣ ಪೂರ್ತಿ ಕೆಂಪೇರಲು ಎರಡು ದಿನ. ಈ ಲೆಕ್ಕ ತಪ್ಪಿಸಿಕೊಂಡವರೇ ಕೊನೇ ಗಳಿಗೆಯಲ್ಲಿ ಅಂಗಡಿಗೆ ಓಡಿ ‘ಹತ್ತೇ ನಿಮಿಷದಲ್ಲಿ ಕೆಂಪು’ ಕೋನ್ ತರುವುದು. ಅದರೊಳಗೆ ಇರುವುದೇನು ಎಂಬುದು ಮುಂದೆ ಬರುತ್ತದೆ.

ಕರಾವಳಿಯಲ್ಲಿ ಮದರಂಗಿ, ಮೈಸೂರು–ಬೆಂಗಳೂರು ಕಡೆ ಗೋರಂಟಿ, ಈಗೀಗ ಎಲ್ಲ ಕಡೆ ಮೆಹಂದಿ. ಹೆಸರು ಮೂರಾದರೂ ಗಿಡ ಒಂದೇ: ಲಾಸೋನಿಯಾ ಇನರ್ಮಿಸ್. ಮುಡಿಗೆ ಕಟ್ಟುವ ಗೋರಂಟೆ ಹೂವಿನ ಗಿಡವೇ ಬೇರೆ. ಹೆಸರು ಹತ್ತಿರವಿದೆ ಎಂದು ಅದರ ಎಲೆ ಅರೆದು ಹಚ್ಚಿದರೆ ಕೈ ಹಸಿರಾಗಬಹುದು ಅಷ್ಟೆ.

ಮದರಂಗಿ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ಅಂಶ ಸುಮಾರು ಶೇ 1ರಿಂದ 2ರಷ್ಟಿರುತ್ತದೆ. ಎಲೆಯೊಳಗೆ ಅದು ಸಕ್ಕರೆಯ ಅಣುವಿನ ಜೊತೆ ಕಟ್ಟಿಹಾಕಿಕೊಂಡಿರುತ್ತದೆ. ನೀರು ಮತ್ತು ಮೆದುವಾದ ಹುಳಿ ಸೇರಿದಾಗ ಆ ಕಟ್ಟು ನಿಧಾನಕ್ಕೆ ಬಿಚ್ಚಿ ಬಣ್ಣ ಹೊರಬೀಳುತ್ತದೆ. ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಗಾಳಿ ತಾಗುತ್ತಾ ಗಾಢವಾಗುತ್ತದೆ. ಕಷಾಯ, ಕಾಫಿ, ಬೀಟ್‌ರೂಟ್ ರಸ, ಲವಂಗದ ನೀರು ಎಂದು ಮನೆಗೊಂದು ಗುಟ್ಟು ಇದೆ. ಇವು ಯಾವುದೂ ಎಲೆಯಲ್ಲಿ ಇಲ್ಲದ ಲಾಸೋನನ್ನು ತಂದುಕೊಡುವುದಿಲ್ಲ. ಪುಡಿ ತಾಜಾ ಇರಬೇಕು, ಹಿಟ್ಟಿಗೆ ಹೊತ್ತು ಕೊಡಬೇಕು, ಹಚ್ಚಿದ್ದು ಚರ್ಮದ ಮೇಲೆ ಹೆಚ್ಚು ಹೊತ್ತು ಒದ್ದೆಯಾಗಿರಬೇಕು. ಗುಟ್ಟು ಎಂಬುದೇನಾದರೂ ಇದ್ದರೆ ಈ ಮೂರೇ.

ಪುಡಿ

ನಮ್ಮಲ್ಲಿ ಸಿಗುವ ಒಳ್ಳೆಯ ಪುಡಿಯ ಬಹುಪಾಲು ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್‌ನಿಂದ ಬರುತ್ತದೆ. ಸೋಜತ್ ಮೆಹಂದಿಗೆ 2021ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಒಣ ಹವೆ, ಸುಡುವ ಬಿಸಿಲಿನಲ್ಲಿ ಬೆಳೆದ ಎಲೆಯಲ್ಲಿ ಬಣ್ಣ ಹೆಚ್ಚು. ಮಂಗಳೂರಿನ ಹಿತ್ತಲಲ್ಲಿ ಮಳೆ ಕುಡಿದು ಸೊಂಪಾಗಿ ಬೆಳೆದ ಗಿಡ ನೋಡಲು ಚೆಂದ, ಬಣ್ಣದಲ್ಲಿ ಸ್ವಲ್ಪ ಸಪ್ಪೆ.

ಪೊಟ್ಟಣದ ಮೇಲೆ ‘ಕೈಗೆ’ ಅಥವಾ ‘ಚಿತ್ತಾರಕ್ಕೆ’ ಎಂದಿರಬೇಕು. ತಲೆಗೂದಲಿಗೆ ಮಾರುವ ಪುಡಿ ಒರಟು. ಅದರಲ್ಲಿ ನೆಲ್ಲಿ, ಸೀಗೆ, ನೀಲಿ ಸೊಪ್ಪು, ಕೆಲವೊಮ್ಮೆ ರಾಸಾಯನಿಕ ಬಣ್ಣವೂ ಬೆರೆತಿರುತ್ತದೆ. ಘಟಕಗಳ ಪಟ್ಟಿಯಲ್ಲಿ ಮದರಂಗಿ ಬಿಟ್ಟು ಮತ್ತೊಂದು ಹೆಸರು ಕಂಡರೆ ಬೇಡ. ಒಳ್ಳೆಯ ಪುಡಿಯದು ಮಾಸಲು ಹಸಿರು, ಬೆರಳ ನಡುವೆ ಉಜ್ಜಿದರೆ ಟಾಲ್ಕಂ ಪೌಡರಿನ ನುಣುಪು, ಮೂಸಿದರೆ ಒಣಹುಲ್ಲಿನ ವಾಸನೆ. ಕಂದು ತಿರುಗಿದ್ದರೆ ಹಳೆಯದು. ಗಿಳಿಹಸಿರು ಹೊಳೆಯುತ್ತಿದ್ದರೆ ಅನುಮಾನಪಡಿ: ಹಳೇ ಪುಡಿಗೆ ಹಸಿರು ಬಣ್ಣ ಹಾಕಿ ತಾಜಾ ಎಂದು ಮಾರುವುದುಂಟು. ಒಂದು ಲೋಟ ನೀರಿಗೆ ಚಿಟಿಕೆ ಪುಡಿ ಉದುರಿಸಿ ನೋಡಿ, ನೀರು ತಕ್ಷಣ ಕಡು ಹಸಿರಾದರೆ ಬಣ್ಣ ಬೆರೆಸಿದ್ದಾರೆ ಎಂದೇ ಅರ್ಥ. ಕೊಂಡ ಪುಡಿಯನ್ನು ಗಾಳಿಯಾಡದ ಕವರಿನಲ್ಲಿ ಕಟ್ಟಿ ಫ್ರಿಜ್ಜಿನ ಮೇಲ್ಭಾಗದ ಫ್ರೀಜರಿನಲ್ಲಿಡಿ. ಅಡುಗೆಮನೆಯ ಶೆಲ್ಫಿನಲ್ಲಿ ಬಿಸಿಗೂ ಬೆಳಕಿಗೂ ಸಿಕ್ಕಿ ಒಂದು ವರ್ಷ ಕೂತ ಪುಡಿ ಕೈಗೆ ಬರೀ ಹಳದಿ ಕೊಡುತ್ತದೆ.

ಅಳತೆ

ಮೊದಲ ಸಲ ಮಾಡುವವರಿಗೆ 20 ಗ್ರಾಂ ಪುಡಿ ಸಾಕು. ಇದಕ್ಕೆ ನಿಂಬೆರಸ 30 ಮಿ.ಲೀ., ನೀರು 25ರಿಂದ 30 ಮಿ.ಲೀ., ಸಕ್ಕರೆ 5 ಗ್ರಾಂ (ಸುಮಾರು ಒಂದು ಟೀಚಮಚ), ಸುಗಂಧ ತೈಲ 5ರಿಂದ 6 ಮಿ.ಲೀ. ಎಲ್ಲ ಸೇರಿ 25 ಗ್ರಾಂ ತೂಕದ ಮೂರು ಕೋನ್ ಧಾರಾಳವಾಗಿ ಆಗುತ್ತದೆ. ಮನೆಯ ನಾಲ್ಕೈದು ಜನರ ಅಂಗೈಗೆ ಅಷ್ಟು ಸಾಕಾಗುತ್ತದೆ. ಮೊಣಕೈವರೆಗೆ ಒತ್ತೊತ್ತಾಗಿ ಬರೆಸಿಕೊಳ್ಳುವ ಮದುಮಗಳಿದ್ದರೆ 50 ಗ್ರಾಂ ಪುಡಿಗೆ ಇದೇ ಲೆಕ್ಕದಲ್ಲಿ ಏರಿಸಿ.

ಪೂರ್ತಿ ನಿಂಬೆರಸದಲ್ಲೇ ಕಲಸುವವರಿದ್ದಾರೆ. ಬಣ್ಣ ಬರುತ್ತದೆ, ಆದರೆ ಮೆತ್ತನೆ ಚರ್ಮದವರಿಗೆ ಉರಿ, ಒಣಗಿ ಬಿರಿಯುವ ತೊಂದರೆ. ಅರ್ಧ ನಿಂಬೆ, ಅರ್ಧ ನೀರು ಸಾಕು. ಬರೀ ನೀರಿನಲ್ಲಿ ಕಲಸಿದರೂ ಬಣ್ಣ ಬಿಡುತ್ತದೆ, ಬೇಗನೇ ಬಿಡುತ್ತದೆ, ಅಷ್ಟೇ ಬೇಗ ಕೆಡುತ್ತದೆ. ಹುಳಿ ಇದ್ದರೆ ಬಣ್ಣ ನಿಧಾನಕ್ಕೆ ಬಿಟ್ಟು ಹೆಚ್ಚು ಹೊತ್ತು ನಿಲ್ಲುತ್ತದೆ.

ತೈಲ ಎಂದರೆ ಅಡುಗೆ ಎಣ್ಣೆಯಲ್ಲ. ಲ್ಯಾವೆಂಡರ್, ಟೀ ಟ್ರೀ, ನೀಲಗಿರಿಯಂಥ ಆವಿಯಾಗುವ ತೈಲ ಬೇಕು. ಇದರಲ್ಲಿರುವ ಟರ್ಪೀನ್ ಎಂಬ ಅಂಶಗಳು ಬಣ್ಣ ಚರ್ಮದೊಳಗೆ ಇಳಿಯಲು ನೆರವಾಗುತ್ತವೆ. ಲ್ಯಾವೆಂಡರ್ ಎಲ್ಲಕ್ಕಿಂತ ಸೌಮ್ಯ. ನೀಲಗಿರಿ ತೈಲ ಅಗ್ಗ, ಊಟಿ–ಕೊಡಗಿಗೆ ಹೋದವರ ಚೀಲದಲ್ಲಿ ಒಂದು ಶೀಶೆ ಇದ್ದೇ ಇರುತ್ತದೆ, ಆದರೆ ಖಾರ. ಮಕ್ಕಳಿಗೂ ಗರ್ಭಿಣಿಯರಿಗೂ ಹಚ್ಚುವ ಮದರಂಗಿಗೆ ತೈಲವೇ ಬೇಡ, ಅಷ್ಟು ಪ್ರಮಾಣದ ನೀರು ಸೇರಿಸಿದರಾಯಿತು. ಬಣ್ಣ ಒಂದು ಛಾಯೆ ತಿಳಿಯಾಗುತ್ತದೆ, ಆಗಲಿ. ಲವಂಗದ ತೈಲ ಚರ್ಮ ಸುಡುತ್ತದೆ, ಮುಟ್ಟಬೇಡಿ. ‘ಮೆಹಂದಿ ಆಯಿಲ್’ ಎಂಬ ಹೆಸರಿನ ಶೀಶೆಯ ಮುಚ್ಚಳ ತೆಗೆದಾಗ ಸೀಮೆಎಣ್ಣೆ ವಾಸನೆ ಬಂದರೆ ಅದು ಇರಬೇಕಾದ್ದು ಕೈಯ ಮೇಲಲ್ಲ.

ಕಲಸುವುದು

ಗಾಜು, ಪಿಂಗಾಣಿ ಅಥವಾ ಸ್ಟೀಲ್ ಬಟ್ಟಲು ತೆಗೆದುಕೊಳ್ಳಿ. ಕಬ್ಬಿಣದ ಬಾಣಲೆ ತಲೆಗೆ ಹಚ್ಚುವ ಮದರಂಗಿಗೆ, ಕೈಗೆ ಹಚ್ಚುವುದಕ್ಕಲ್ಲ.

1. ಪುಡಿಯನ್ನು ತೆಳು ನೈಲಾನ್ ಅಥವಾ ಶಿಫಾನ್ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮೈದಾ ಜರಡಿ ಸಾಲದು, ಎಲೆಯ ನಾರಿನ ಚೂರುಗಳು ಅದರಲ್ಲಿ ಇಳಿದುಹೋಗುತ್ತವೆ.

2. ಸೋಸಿದ ನಿಂಬೆರಸವನ್ನು ಪೂರ್ತಿ ಹಾಕಿ, ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಚಮಚದ ಬೆನ್ನಿನಿಂದ ಬಟ್ಟಲಿನ ಬದಿಗೆ ಒತ್ತಿ ಕಲಸಿ. ಈ ಹಂತದಲ್ಲಿ ಬಜ್ಜಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆದು. ಒಂದಿಷ್ಟು ನೀರು ಉಳಿಸಿಕೊಳ್ಳಿ. ಪುಡಿ ನೀರು ಕುಡಿಯಲು ಹೊತ್ತು ಬೇಕು, ಈಗ ಗಟ್ಟಿ ಕಂಡಿದ್ದು ರಾತ್ರಿ ಕಳೆದು ಇನ್ನೂ ಗಟ್ಟಿಯಾಗಬಹುದು, ಕೆಲವು ಪುಡಿ ನೀರಾಗುವುದೂ ಉಂಟು.

3. ಪ್ಲಾಸ್ಟಿಕ್ ಹಾಳೆಯನ್ನು ಹಿಟ್ಟಿಗೆ ತಾಗುವಂತೆ ಒತ್ತಿ ಮುಚ್ಚಿ. ನಡುವೆ ಗಾಳಿ ಉಳಿಯಬಾರದು. ಬಿಸಿಲಿಗಾಗಲಿ ಒಲೆಯ ಮೇಲಾಗಲಿ ಇಡಬೇಡಿ.

4. ಬಣ್ಣ ಬಿಟ್ಟಮೇಲೆ ಸಕ್ಕರೆ, ತೈಲ ಸೇರಿಸಿ ಚೆನ್ನಾಗಿ ಕಲಸಿ. ಉಳಿದ ನೀರನ್ನು ಹನಿಹನಿಯಾಗಿ ಹಾಕುತ್ತಾ ಹದಕ್ಕೆ ತನ್ನಿ. ಚಮಚ ಎತ್ತಿದಾಗ ಹಿಟ್ಟು ತುಂಡಾಗದೆ ರಿಬ್ಬನ್ನಿನಂತೆ ಇಳಿದು, ಬಿದ್ದ ಜಾಗದಲ್ಲಿ ಒಂದೆರಡು ಸೆಕೆಂಡು ಗುರುತು ಉಳಿದು ಆಮೇಲೆ ಸಮನಾಗಬೇಕು. ಮತ್ತೆ ಮುಚ್ಚಿ ಮೂರ್ನಾಲ್ಕು ಗಂಟೆ ಬಿಡಿ.

ಬಣ್ಣ ಬಿಡಲು ಎಷ್ಟು ಹೊತ್ತು ಎಂದು ಗಡಿಯಾರ ನೋಡಿ ಹೇಳಲಾಗದು, ಹವೆ ನೋಡಿ ಹೇಳಬಹುದು. ಮೇ ತಿಂಗಳ ಕಲಬುರಗಿಯಲ್ಲಿ ನಾಲ್ಕು ಗಂಟೆಗೇ ಸಿದ್ಧ. ಏಪ್ರಿಲ್‌ನ ಮಂಗಳೂರಿನಲ್ಲಿ ಆರೆಂಟು ಗಂಟೆ. ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿ ಕಲಸಿದ್ದು ಮರುದಿನ ಸಂಜೆ. ಚಳಿದೇಶಗಳಲ್ಲಿರುವವರು ಬಟ್ಟಲನ್ನು ಹೀಟರಿನ ಮೇಲಲ್ಲ, ಅದರಿಂದ ಒಂದೆರಡು ಅಡಿ ದೂರದಲ್ಲಿಡಿ.

ಸಿದ್ಧವಾಯಿತೇ ಎಂದು ತಿಳಿಯಲು ಬಟ್ಟಲಿನ ಮೇಲ್ಮೈಯನ್ನು ಬೆರಳಿನಿಂದ ಕೆದಕಿ ನೋಡಿ. ಮೇಲೆ ಕಂದು, ಕೆಳಗೆ ಹಸಿರು ಇದ್ದರೆ ಬಣ್ಣ ಬಿಡಲು ಶುರುವಾಗಿದೆ. ಇನ್ನೂ ಖಾತ್ರಿ ಬೇಕೆಂದರೆ ಅಂಗೈ ನಡುವೆ ಕಾಳಿನಷ್ಟು ಹಿಟ್ಟಿಟ್ಟು ಐದು ನಿಮಿಷ ಬಿಟ್ಟು ಒರೆಸಿ. ಕ್ಯಾರೆಟ್ ಬಣ್ಣದ ಚುಕ್ಕೆ ಉಳಿದರೆ ಹಚ್ಚಬಹುದು. ಮಂಕು ಹಳದಿ ಕಂಡರೆ ಇನ್ನೊಂದೆರಡು ಗಂಟೆ ಕಾಯಿರಿ. ಅತಿಯಾಗಿ ಕಾದರೂ ಕಷ್ಟವೇ. ಹೊರಗಿಟ್ಟ ಹಿಟ್ಟು ಒಂದೆರಡು ದಿನದಲ್ಲಿ ಕಸುವು ಕಳೆದುಕೊಂಡು ಒಳಗೂ ಕಂದಾಗುತ್ತದೆ. ಆಮೇಲೆ ಎಷ್ಟು ಹೊತ್ತು ಹಚ್ಚಿಕೊಂಡು ಕೂತರೂ ಬರುವುದು ತಿಳಿ ಕಿತ್ತಳೆಯೇ.

ಸೋಸಿ ಕೋನ್ ತುಂಬುವುದು

ಹೊಸಬರು ಬಿಟ್ಟುಬಿಡುವ ಹೆಜ್ಜೆ ಇದು, ಆಮೇಲೆ ಮೊನೆ ಕಟ್ಟಿಕೊಂಡಿತೆಂದು ಗೋಳಾಡುವುದೂ ಇದಕ್ಕೇ. ಒಂದು ತೆಳು ನೈಲಾನ್ ಕಾಲುಚೀಲವನ್ನು (ಹೊಸದು, ತೊಳೆದದ್ದು) ಲೋಟದೊಳಗೆ ಇಳಿಬಿಟ್ಟು ಅದರ ಬಾಯನ್ನು ಲೋಟದ ಅಂಚಿಗೆ ಮಡಚಿ. ಹಿಟ್ಟು ಸುರಿದು, ಕಾಲುಚೀಲದ ಬಾಯನ್ನು ಗಂಟು ಹಾಕಿ. ಲೋಟದ ಬಾಯನ್ನು ಎಡಗೈ ಬೆರಳುಗಳಿಂದ ಬಿಗಿಹಿಡಿದು ಕಾಲುಚೀಲವನ್ನು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ನುಣ್ಣನೆಯ ಹಿಟ್ಟು ಲೋಟದಲ್ಲಿ ಉಳಿಯುತ್ತದೆ, ನಾರು–ಗಂಟುಗಳು ಬಟ್ಟೆಯಲ್ಲಿ. ಒಂದೇ ಒಂದು ಸಾಸಿವೆ ಕಾಳಿನಷ್ಟು ಗಂಟು ಇಡೀ ಕೋನನ್ನು ಕೆಲಸಕ್ಕೆ ಬಾರದಂತೆ ಮಾಡಬಲ್ಲದು.

ಕೋನ್‌ಗೆ ತೆಳ್ಳಗಿದ್ದೂ ಸದ್ದು ಮಾಡುವ ಪಾರದರ್ಶಕ ಹಾಳೆ ಬೇಕು, ಉಡುಗೊರೆ ಸುತ್ತುವಂಥದ್ದು. ಅದು ಇಲ್ಲದಿದ್ದರೆ ಹಾಲಿನ ಪ್ಯಾಕೆಟ್ ಕತ್ತರಿಸಿ, ಸೋಪು ಹಾಕಿ ಜಿಡ್ಡು ಹೋಗುವಂತೆ ತೊಳೆದು ಒರೆಸಿ ಬಳಸಬಹುದು. ಸ್ವಲ್ಪ ದಪ್ಪವಾದ್ದರಿಂದ ತೀರಾ ಸಣ್ಣ ಮೊನೆ ಬರುವುದಿಲ್ಲ. 18 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲದ ಆಯತ ಕತ್ತರಿಸಿ. ಉದ್ದದ ಬದಿಯ ನಡುಮಧ್ಯವೇ ಮೊನೆ. ಅಲ್ಲಿ ಹೆಬ್ಬೆರಳು ಒತ್ತಿಹಿಡಿದು ಒಂದು ಮೂಲೆಯನ್ನು ಒಳಕ್ಕೆ ಸುರುಳಿ ಸುತ್ತುತ್ತಾ ಹೋಗಿ. ಕಡಲೆಕಾಯಿ ಪೊಟ್ಟಣ ಕಟ್ಟುವ ಕೈಚಳಕವೇ, ಮೊನೆಯಲ್ಲಿ ಮಾತ್ರ ಬೆಳಕು ಕಾಣಬಾರದು. ಅಂಚಿಗೆ ಟೇಪ್ ಹಚ್ಚಿ. ಮುಕ್ಕಾಲು ಭಾಗ ತುಂಬಿಸಿ, ಗಾಳಿ ಹೊರಗೆ ಒತ್ತಿ, ಬಾಯಿಯ ಎರಡು ಬದಿ ಮಡಚಿ, ಆಮೇಲೆ ಮೇಲಿಂದ ಕೆಳಕ್ಕೆ ಟೂತ್‌ಪೇಸ್ಟ್ ಟ್ಯೂಬಿನಂತೆ ಸುತ್ತಿ ಟೇಪ್ ಹಾಕಿ. ಬಾಯಿಯವರೆಗೂ ತುಂಬಿದರೆ ಹಿಂದಿನಿಂದ ಉಕ್ಕುತ್ತದೆ. ಮೊನೆಯನ್ನು ಹಚ್ಚುವ ಗಳಿಗೆಯಲ್ಲಿ ಕತ್ತರಿಸಿ, ಅರ್ಧ ಮಿ.ಮೀ.ಗಿಂತ ಹೆಚ್ಚಲ್ಲ. ಕಡಿಮೆ ಕತ್ತರಿಸಿದರೆ ಮತ್ತೆ ಕತ್ತರಿಸಬಹುದು.

ಹಚ್ಚುವುದು

ಕೈಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಅಂದು ಲೋಷನ್, ಕ್ರೀಮ್, ಎಣ್ಣೆ ಬೇಡ, ಇವು ಚರ್ಮಕ್ಕೂ ಬಣ್ಣಕ್ಕೂ ನಡುವೆ ಗೋಡೆ ಕಟ್ಟುತ್ತವೆ. ವ್ಯಾಕ್ಸಿಂಗ್, ಮ್ಯಾನಿಕ್ಯೂರ್ ಏನಿದ್ದರೂ ಹಿಂದಿನ ದಿನವೇ ಮುಗಿಸಿ. ಹಚ್ಚಿದ ಮೇಲೆ ಮಾಡಿಸಿದರೆ ಬಣ್ಣದ ಪದರವನ್ನೇ ಉಜ್ಜಿ ತೆಗೆದಂತೆ. ಶೌಚಕ್ಕೆ ಹೋಗಿ ಬಂದು, ಊಟ ಮಾಡಿ, ಫೋನ್ ಚಾರ್ಜಿಗಿಟ್ಟು ಕೂರಿ.

ಕೋನ್‌ನ ಮೊನೆ ಚರ್ಮಕ್ಕೆ ತಾಗಬಾರದು. ಎರಡು ಮೂರು ಮಿ.ಮೀ. ಮೇಲೆ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಕೈ ಸರಿಸಿದರೆ, ರಂಗೋಲಿ ಪುಡಿ ಬೆರಳಿಂದ ಜಾರಿದ ಹಾಗೆ ಎಳೆ ತಾನೇ ಇಳಿದು ಕೂರುತ್ತದೆ. ಮೊನೆ ಒತ್ತಿ ಪೆನ್ನಿನಂತೆ ಗೀಚಿದರೆ ಗೆರೆ ನಡುವೆ ಪೊಳ್ಳಾಗಿ ಎರಡು ಬದಿ ಉಬ್ಬುತ್ತದೆ. ಮೊದಲು ಸ್ಟೀಲ್ ತಟ್ಟೆಯ ಮೇಲೆ ಅಭ್ಯಾಸ ಮಾಡಿ: ನೇರ ಗೆರೆ, ಬಳ್ಳಿ, ಒಂದೇ ಗಾತ್ರದ ಚುಕ್ಕೆಗಳ ಸಾಲು. ಚುಕ್ಕೆಗೆ ಒತ್ತಿ, ಒತ್ತುವುದನ್ನು ನಿಲ್ಲಿಸಿ, ಆಮೇಲೆ ಎತ್ತಬೇಕು. ನಿಲ್ಲಿಸದೆ ಎತ್ತಿದರೆ ಪ್ರತಿ ಚುಕ್ಕೆಗೂ ಬಾಲ. ತಟ್ಟೆಯ ಹಿಟ್ಟನ್ನು ಕೆರೆದು ಮತ್ತೆ ಬಳಸಬಹುದು.

ಗೆರೆ ಕೈಗೆ ಬರುವವರೆಗೆ ಅಂಗೈ ನಡುವೆ ದೊಡ್ಡ ಚಂದ್ರ, ಸುತ್ತ ಚುಕ್ಕೆಗಳು, ಬೆರಳ ತುದಿಗೆ ಟೋಪಿ. ಅಜ್ಜಿಯರ ಈ ಚಿತ್ತಾರಕ್ಕೆ ಕೋನ್ ಕೂಡ ಬೇಡ, ಕಡ್ಡಿ ಸಾಕು. ಅದು ಹಳ್ಳಿಯದೆಂದು ಮೂಗು ಮುರಿಯುವವರಿಗೆ ಒಂದು ಮಾತು: ದಪ್ಪಗೆ ತುಂಬಿದ ಚಂದ್ರದಷ್ಟು ಗಾಢ ಬಣ್ಣ ಕೂದಲೆಳೆಯ ಗೆರೆಗೆ ಬರುವುದಿಲ್ಲ. ತೆಳು ಎಳೆ ಬೇಗ ಒಣಗುತ್ತದೆ, ಒಣಗಿದ ಮೇಲೆ ಬಣ್ಣ ಇಳಿಯುವುದು ನಿಲ್ಲುತ್ತದೆ.

ತಪ್ಪಾದ ಗೆರೆಯನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಆ ಕ್ಷಣವೇ ತೆಗೆಯಿರಿ. ಎರಡು ನಿಮಿಷ ಬಿಟ್ಟರೆ ಗುರುತು ಉಳಿಯುತ್ತದೆ. ಆಗ ಅದನ್ನೇ ಎಲೆಯನ್ನೋ ಹೂವನ್ನೋ ಮಾಡಿಬಿಡುವುದು ಜಾಣತನ.

ಹಚ್ಚಿದ ಮೇಲೆ

ಅರ್ಧ ಗಂಟೆಯಲ್ಲಿ ಮೇಲ್ಮೈ ಒಣಗಿ ಹೊಳಪು ಹೋಗುತ್ತದೆ. ಆಗ ಒಂದು ಚಮಚ ನಿಂಬೆರಸಕ್ಕೆ ಒಂದು ಚಮಚ ಸಕ್ಕರೆ ಕರಗಿಸಿ, ಹತ್ತಿಯಿಂದ ಮೆಲ್ಲಗೆ ತಟ್ಟಿ. ಒರೆಸಬಾರದು. ಅಂಟು ಹಿಟ್ಟನ್ನು ಉದುರದಂತೆ ಹಿಡಿಯುತ್ತದೆ, ತೇವವನ್ನೂ ಉಳಿಸುತ್ತದೆ. ಹತ್ತಿ ಹಿಂಡಿ ತಟ್ಟಿ, ತೊಟ್ಟಿಕ್ಕುವಷ್ಟು ಹಾಕಿದರೆ ಬಣ್ಣ ಗೆರೆ ದಾಟಿ ಹರಡುತ್ತದೆ. ರಾತ್ರಿಯಿಡೀ ಬಿಡುವವರು ಟಿಶ್ಯೂ ಪೇಪರ್ ಸುತ್ತಿ, ಮೇಲೆ ಹಳೆಯ ಕಾಲುಚೀಲ ಹಾಕಿಕೊಂಡು ಮಲಗಬಹುದು. ನೇರವಾಗಿ ಪ್ಲಾಸ್ಟಿಕ್ ಸುತ್ತಿದರೆ ಬೆವರಿಗೆ ಚಿತ್ತಾರವೆಲ್ಲ ಕಲಸಿಹೋಗುತ್ತದೆ.

ಕನಿಷ್ಠ ಆರು ಗಂಟೆ ಬಿಡಿ, ಸಾಧ್ಯವಾದರೆ ಎಂಟು. ತೆಗೆಯುವಾಗ ನೀರು ಬೇಡ: ಚಮಚದ ಅಂಚಿನಿಂದ ಕೆರೆದು, ಉಳಿದದ್ದನ್ನು ಕೊಬ್ಬರಿ ಎಣ್ಣೆ ಸವರಿ ಉಜ್ಜಿ. ಮುಂದಿನ 12 ಗಂಟೆ ನೀರು ಮುಟ್ಟದಿದ್ದರೆ ಒಳ್ಳೆಯದು, ಒಂದು ದಿನವಾದರೆ ಇನ್ನೂ ಒಳ್ಳೆಯದು. ಅಡುಗೆ, ಪಾತ್ರೆ ಅಂದು ಮನೆಯ ಗಂಡಸರ ಪಾಲಿಗೆ.

ಕೆರೆದಾಗ ಕಾಣುವುದು ಕುಂಬಳಕಾಯಿ ಬಣ್ಣ. ಹೆದರಬೇಡಿ. ಮರುದಿನ ಇಟ್ಟಿಗೆ ಕೆಂಪು, 48 ಗಂಟೆಯ ಹೊತ್ತಿಗೆ ಕಡುಗೆಂಪು ಅಥವಾ ಕಾಫಿ ಕಂದು. ತವೆಯ ಮೇಲೆ ಎಂಟು ಹತ್ತು ಲವಂಗ ಹಾಕಿ, ಹೊಗೆಗೆ ಅರ್ಧ ಅಡಿ ಎತ್ತರದಲ್ಲಿ ಕೈ ಹಿಡಿಯುವ ಪದ್ಧತಿ ಇದೆಯಲ್ಲ, ಅದರಿಂದ ಉಪಯೋಗ ಉಂಟು, ಆದರೆ ಕೆಲಸ ಮಾಡುವುದು ಬಿಸಿ. ಬೆಚ್ಚಗಿನ ಕೈಗೆ ಬಣ್ಣ ಚೆನ್ನಾಗಿ ಏರುತ್ತದೆ. ಸುಣ್ಣ ಹಚ್ಚಿ ದಿಢೀರ್ ಕಪ್ಪು ಮಾಡುವ ಉಪಾಯ ಚರ್ಮ ಸುಡುತ್ತದೆ.

ಕೈ ಕೆಂಪಾದಷ್ಟೂ ಗಂಡನ ಪ್ರೀತಿ ಹೆಚ್ಚು ಎಂದು ಅತ್ತಿಗೆ ನಾದಿನಿಯರು ಕೀಟಲೆ ಮಾಡುತ್ತಾರೆ. ಕೆಂಪು ಏರುವುದು ಚರ್ಮದ ದಪ್ಪದ ಮೇಲೆ. ಅಂಗೈ, ಅಂಗಾಲಿನ ಮೇಲ್ಪದರ ದಪ್ಪ, ಹಾಗಾಗಿ ಅಲ್ಲಿ ಕಡುಬಣ್ಣ. ಮುಂಗೈಯಲ್ಲಿ ಮಧ್ಯಮ, ತೋಳು, ಬೆನ್ನು, ಹೊಟ್ಟೆಯಲ್ಲಿ ತಿಳಿ. ಚರ್ಮ ಕಳಚಿ ಹೊಸದು ಬಂದಂತೆ ಒಂದರಿಂದ ಮೂರು ವಾರದಲ್ಲಿ ಮಾಸುತ್ತದೆ. ಈಜುಕೊಳದ ಕ್ಲೋರಿನ್, ಪಾತ್ರೆ ಸೋಪು ಇನ್ನೂ ಬೇಗ ಮಾಸಿಸುತ್ತವೆ.

ಎಡವುವ ಜಾಗಗಳು

ಗೆರೆ ನೀರಾಗಿ ಹರಡಿದರೆ ಹಿಟ್ಟು ತೆಳು: ಸ್ವಲ್ಪ ಪುಡಿ ಸೇರಿಸಿ ಮತ್ತೆರಡು ಗಂಟೆ ಬಿಡಬೇಕು. ಎಳೆ ತುಂಡಾಗುತ್ತಿದ್ದರೆ, ಒಣಗಿದ್ದು ಬಿರಿದು ಉದುರುತ್ತಿದ್ದರೆ ಸಕ್ಕರೆ ಸಾಲದು. ಬಳ್ಳಾರಿ, ರಾಯಚೂರಿನ ಒಣಹವೆಯಲ್ಲಿ ಒಂದೂವರೆ ಪಟ್ಟು ಬೇಕಾಗುತ್ತದೆ. ಉಡುಪಿಯ ಜುಲೈಯಲ್ಲಿ ಅದೇ ಸಕ್ಕರೆ ಗಾಳಿಯ ತೇವ ಹೀರಿ ಚಿತ್ತಾರವನ್ನೇ ಜಾರಿಸುತ್ತದೆ, ಅಲ್ಲಿ ಅರ್ಧ ಸಾಕು. ಒಂದೇ ಕೈಯಲ್ಲಿ ಒಂದು ಕಡೆ ಗಾಢ, ಒಂದು ಕಡೆ ತಿಳಿ ಬಂದರೆ ಸಾಮಾನ್ಯವಾಗಿ ತಿಳಿ ಇರುವಲ್ಲಿ ಹಿಟ್ಟು ಬೇಗ ಉದುರಿರುತ್ತದೆ.

ಕಪ್ಪು ಕೋನ್

ಮದರಂಗಿ ಎಲೆ ಕಪ್ಪು ಬಣ್ಣ ಕೊಡುವುದಿಲ್ಲ. ಕಪ್ಪು ಮೆಹಂದಿ ಎಂದು ಜಾತ್ರೆ, ಬೀಚುಗಳಲ್ಲಿ ಹಚ್ಚುವುದರಲ್ಲಿ ಬಹುತೇಕ ಇರುವುದು ಪಿಪಿಡಿ, ಪೂರ್ತಿ ಹೆಸರು ಪ್ಯಾರಾ ಫಿನೈಲಿನ್ ಡಯಮಿನ್, ಕೂದಲ ಡೈಯಲ್ಲಿ ಬಳಸುವ ರಾಸಾಯನಿಕ. ಕೆಲವರಿಗೆ ಕೆಲವು ದಿನ ಬಿಟ್ಟು ಚಿತ್ತಾರದ ಆಕಾರದಲ್ಲೇ ಗುಳ್ಳೆ ಏಳುತ್ತದೆ, ಕಲೆ ಉಳಿಯುತ್ತದೆ. ಒಮ್ಮೆ ಅಲರ್ಜಿ ಹತ್ತಿದರೆ ಜೀವನಪೂರ್ತಿ ಪಿಪಿಡಿ ಇರುವ ಕೂದಲ ಡೈ ಕೂಡ ಮುಟ್ಟಲಾಗದು. ಹತ್ತು ನಿಮಿಷದ ಕೆಂಪು ಕೋನ್‌ಗಳಲ್ಲಿ ಸೋಡಿಯಂ ಪಿಕ್ರಮೇಟ್‌ನಂಥ ಕೃತಕ ಬಣ್ಣ ಸಿಕ್ಕಿದ ಉದಾಹರಣೆಗಳಿವೆ. ತಿಂಗಳುಗಟ್ಟಲೆ ಅಂಗಡಿಯ ಬಿಸಿಲಲ್ಲಿ ನೇತಾಡಿಯೂ ಕೆಡದ ಕೋನ್‌ನಲ್ಲಿ ಬರೀ ಎಲೆ ಇರಲು ಸಾಧ್ಯವೇ ಇಲ್ಲ, ಅಷ್ಟು ಯೋಚಿಸಿದರೆ ಸಾಕು.

ಅಪ್ಪಟ ಮದರಂಗಿಯೂ ಎಲ್ಲರಿಗಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಲ್ಲಿ ಲಾಸೋನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಕೊರತೆ ಇದೆಯೋ ಇಲ್ಲವೋ ಗೊತ್ತಿಲ್ಲದ ಹಸುಗೂಸಿನ ಕೈಕಾಲಿಗೆ ಶಾಸ್ತ್ರಕ್ಕೆಂದೂ ಹಚ್ಚಬೇಡಿ. ದೊಡ್ಡವರು ಹೊಸ ಪುಡಿ, ಹೊಸ ತೈಲ ಬಳಸುವ ಮುನ್ನ ಮೊಣಕೈ ಒಳಮಗ್ಗುಲಿಗೆ ಚುಕ್ಕೆ ಇಟ್ಟು ಒಂದು ದಿನ ನೋಡಿ.

ಹಸಿ ಸೊಪ್ಪಿನಲ್ಲಿ

ಆಷಾಢದಲ್ಲಿ ಗಿಡ ಚಿಗುರಿದಾಗ ಪುಡಿಯ ಹಂಗೇ ಬೇಡ. ಎರಡು ಹಿಡಿ ಎಲೆ, ಅಡಿಕೆ ಚೂರು, ಚಿಟಿಕೆ ಕಾಚು, ಗೋಲಿಯಷ್ಟು ಹುಣಸೆಹಣ್ಣು. ಒರಳಿನಲ್ಲಿ ನೀರು ಚಿಮುಕಿಸಿ ಬೆಣ್ಣೆಯಂತೆ ಅರೆಯಿರಿ, ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ. ಕಾಚು ತನ್ನದೇ ಕಂದು ಸೇರಿಸುತ್ತದೆ. ನಾರಿರುವುದರಿಂದ ಕೋನ್‌ಗೆ ಇಳಿಯದು, ಬೆರಳ ಟೋಪಿಗೂ ಅಂಗೈ ಚಂದ್ರಕ್ಕೂ ಸರಿ. ಅರೆದ ಒಂದು ಗಂಟೆಯೊಳಗೆ ದಪ್ಪಗೆ ಹಚ್ಚಿ ರಾತ್ರಿಯಿಡೀ ಬಿಡಿ. ಅರೆದವರ ಅಂಗೈ ಹೇಗೂ ಕೆಂಪಾಗಿರುತ್ತದೆ.

ಉಳಿದ ಕೋನ್‌ಗಳನ್ನು ಜಿಪ್ ಕವರಿನಲ್ಲಿ ಹಾಕಿ ದಿನಾಂಕ ಬರೆದು ಫ್ರೀಜರಿನಲ್ಲಿಡಿ, ನಾಲ್ಕೈದು ತಿಂಗಳು ಬರುತ್ತದೆ. ಬೇಕಾದಾಗ ಹೊರಗೆ ತೆಗೆದು ಅರ್ಧ ಗಂಟೆ ಬಿಟ್ಟರಾಯಿತು. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಕಲಸಿದ ಜಾಗದ ಕಡಪ ಕಲ್ಲು, ಮಾರ್ಬಲ್, ಬಿಳಿ ಪಂಚೆಯ ಮೇಲೆ ಬಿದ್ದದ್ದನ್ನು ಮಾತ್ರ ಕೂಡಲೇ ತೊಳೆಯಿರಿ. ಕೈಯ ಬಣ್ಣ ಮೂರು ವಾರಕ್ಕೆ ಹೋಗುತ್ತದೆ, ಪಂಚೆಯದು ಹೋಗುವುದಿಲ್ಲ.